ಬೆಳ್ಳಿಯಕ್ಕ ಬೈಯದ ದಿನ

ನನ್ನ ಹೆಂಡತಿ ಸುಗುಣ ಹತ್ತೊಂಬತ್ತು ವರ್ಷದಿಂದ ಕುಂದಾಪುರದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಅಲ್ಲಿ ಹೊಸ ಡಾಕ್ಟರುಗಳೂ ಅವಳ ಮಾತಿಗೆ ಕಿವಿಗೊಡುತ್ತಾರೆ. ಮೀನು ಮಾರುವ ಕೋಡಿ ಊರಿನ ಬೆಳ್ಳಿಯಕ್ಕನ ಮುಂದೆ ಮಾತ್ರ ಅವಳ ಆಟ ನಡೆಯುವುದಿಲ್ಲ. ಪ್ರತಿ ಭಾನುವಾರ ಮೀನು ತಾಜಾ ಇದೆಯೋ ಎಂದು ಇವಳು ಕಿವಿರು ಎತ್ತಿ ನೋಡುವುದು, "ಹ್ವಾಯ್, ನನ್ ಮೀನ್ ಮೇಲೆ ನಂಬ್ಕಿ ಇಲ್ಯಾ?" ಎಂದು ಅವರು ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಬೈಯುವುದು, ಚೀಲ ಹಿಡಿದ ನಾನು ಆಚೆ ನೋಡುವುದು.

ಕಳೆದ ವರ್ಷ ಒಂದು ಭಾನುವಾರ ಸುಗುಣ ಬಂಗುಡೆಯ ಕಿವಿರು ಎತ್ತಿದಳು. ಬೆಳ್ಳಿಯಕ್ಕ ಸುಮ್ಮನೆ ಕೂತಿದ್ದರು. ಇನ್ನೊಂದನ್ನು ಎತ್ತಿದಳು. ಆಗಲೂ ಮಾತಿಲ್ಲ. ನನಗಂತೂ ಖುಷಿಯಾಯಿತು, ದಡ್ಡ ನಾನು! ಸುಗುಣ ಮೀನು ಬಿಟ್ಟು ಅವರ ಕೈ ಹಿಡಿದಳು. ಕೈ ತಣ್ಣಗಿತ್ತು, ಉಸಿರು ಓಡಿ ಬಂದವರ ಹಾಗಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರು, ಬಾವು ಮುಂಗೈವರೆಗೂ ಏರಿತ್ತು.

"ಮೊನ್ನೆ ಮೀನ್ ಮುಳ್ ಚುಚ್ಚಿತ್ತ್, ಸುಣ್ಣ ಹಚ್ಚಿತ್," ಎಂದ ಪಕ್ಕದಲ್ಲಿದ್ದ ಅವರ ಮಗ ಲೀಲಾಧರ. "ಅಬ್ಬಿಗೆ ಜ್ವರ ಎಂತ ಇಲ್ಲೆ ಅಕ್ಕ."

"ಜ್ವರ ಇಲ್ದಿದ್ದದ್ದೇ ನಂಗೆ ಹೆದ್ರಿಕಿ. ಆಟೋ ಕರಿ, ಬೇಗ ಹೋಪ."

ಆಟೋದಲ್ಲೇ ಆಸ್ಪತ್ರೆಗೆ ಫೋನ್ ಮಾಡಿದಳು: ಸೆಪ್ಸಿಸ್ ಇರಬಹುದು, ಸಿದ್ಧವಾಗಿರಿ. ಸೋಂಕಿನೊಂದಿಗೆ ಹೊಡೆದಾಡುವ ಭರದಲ್ಲಿ ಮೈ ತನ್ನ ಅಂಗಾಂಗಗಳನ್ನೇ ಕೆಡಿಸಿಕೊಳ್ಳುವುದಂತೆ ಅದು. ವಯಸ್ಸಾದವರಲ್ಲಿ ಜ್ವರ ಬಾರದೆ ಬರೀ ಮಂಕಾಗುವುದೂ ಉಂಟಂತೆ. ತಡವಾದರೆ ಜೀವವೇ ಹೋಗುತ್ತದೆ.

ಆಸ್ಪತ್ರೆಯಲ್ಲಿ ನೋಡಿದಾಗ ಮೇಲಿನ ರಕ್ತದೊತ್ತಡವೇ ಎಂಬತ್ತಕ್ಕೆ ಇಳಿದಿತ್ತು. ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ ಆಂಟಿಬಯಾಟಿಕ್, ಸಲೈನ್ ಶುರು ಮಾಡಿದರು. ಬೆರಳಿನ ಕೀವನ್ನೂ ತೆಗೆದರು.

"ಈ ಮಂಕು ಯಾವಾಗಿನಿಂದ, ಸಿಸ್ಟರ್?" ಎಂದು ಡಾಕ್ಟರ್ ಅನಿಷಾ ಕೇಳಿದರು.

"ಎಂಟೂವರೆಗೆ ಗೊತ್ತಾಯ್ತು ಡಾಕ್ಟ್ರೇ. ನಾನು ಕಿವಿರು ಎತ್ತಿದರೂ ಬೈಯಲಿಲ್ಲ."

ಅನಿಷಾ ನಗಲಿಲ್ಲ, ಹಾಗೇ ಬರೆದುಕೊಂಡರು. ಬಾಗಿಲ ಹೊರಗೆ ನಿಂತಿದ್ದ ನನ್ನ ಎದೆ ಉಬ್ಬಿತು. ಲೀಲಾಧರ ಅಳುತ್ತಿದ್ದ, ಅದಕ್ಕೇ ತೋರಿಸಿಕೊಳ್ಳಲಿಲ್ಲ.

ಮೂರು ದಿನ ಐಸಿಯುನಲ್ಲಿ ಹಗ್ಗಜಗ್ಗಾಟ. ನಾಲ್ಕನೇ ದಿನ ಬೆಳ್ಳಿಯಕ್ಕ ಗಂಜಿ ಕೇಳಿದರು.

ಎರಡು ತಿಂಗಳ ಮೇಲೆ ಅವರು ಮಾರ್ಕೆಟ್ಟಿಗೆ ಮರಳಿದ ಮೊದಲ ಭಾನುವಾರ ಸುಗುಣ ಬೇಕೆಂದೇ ಒಂದು ಬಂಗುಡೆಯ ಕಿವಿರು ಎತ್ತಿದಳು. ಬೆಳ್ಳಿಯಕ್ಕ ಮಾತಾಡಲಿಲ್ಲ. ಸುಗುಣಳ ಮುಖ ಸಣ್ಣದಾಯಿತು. ಮೀನು ಬಿಟ್ಟು ಅವರ ಕೈಗೆ ಕೈ ಚಾಚಿದಳು.

"ಹ್ವಾಯ್! ಜೀವ ಉಳ್ಸಿದ್ದೆ ಅಂದ್ಹೇಳಿ ನನ್ ಮೀನ್ ಕಿವಿರ್ ಎತ್ತೂದಾ?"

ಮಾರ್ಕೆಟ್ಟೆಲ್ಲ ತಿರುಗಿ ನೋಡಿತು. ಈ ಸಲ ನಾನು ಆಚೆ ನೋಡಲಿಲ್ಲ. ಚೀಲ ಹಿಡಿದು ಹೆಂಡತಿಯ ಪಕ್ಕದಲ್ಲೇ ನಿಂತೆ.