ಬೆಚ್ಚಗಿನ ಸುಂಯ್

ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋದ ಟೇಪಣ್ಣನಿಗೆ ಯಾರ ಹಾಡು ಕೇಳಿದರೂ ಚಳಿ. "ಡಿಜಿಟಲ್ ಅಲ್ವಾ, ಫ್ರಿಜ್ಜಲ್ಲಿಟ್ಟ ಹಾಗಿದೆ, ಸ್ವಲ್ಪ ಬೆಚ್ಚಗಾಗ್ಬೇಕು" ಎಂದು, ಹಳೆಯ ಟೇಪಿನ ಸದ್ದು ಕೊಡುವ ಕಂಪ್ಯೂಟರಿನ ಪ್ಲಗಿನ್ನುಗಳನ್ನು ಕಂಬಳಿಯಂತೆ ಒಂದರ ಮೇಲೊಂದು ಹೊದಿಸುತ್ತಾನೆ. ಪರದೆಯ ಮೇಲೆ ಟೇಪಿನ ಚಕ್ರಗಳ ಚಿತ್ರ ತಿರುಗಿದರೆ ಅವನ ತಲೆಯೂ ಜೊತೆಗೆ ತೂಗುತ್ತದೆ. "ಅಣ್ಣಾ, ನನ್ನ ದನೀನೇ ಕೇಳಿಸ್ತಿಲ್ವಲ್ಲ" ಎಂದು ಗಾಯಕಿ ಗೋಳಾಡಿದರೆ, "ದನಿ ಯಾರಿಗೆ ಬೇಕಮ್ಮ, ಅದರ ಹಿಂದೆ ಟೇಪಿನ ಸುಂಯ್ ಸದ್ದು ಕೇಳು" ಎನ್ನುತ್ತಾನೆ. ಒಮ್ಮೆ ಅರ್ಧ ಗಂಟೆ ಕಣ್ಣುಮುಚ್ಚಿ ಒಂದು ಪ್ಲಗಿನ್ನಿನ ಗುಂಡಿ ತಿರುಗಿಸಿ, "ಆಹಾ, ಈಗ ಬೆಣ್ಣೆ!" ಎಂದಾಗ, ಕಾಫಿ ತಂದ ಅವನ ಅಕ್ಕ "ಆ ಪ್ಲಗಿನ್ನೇ ಆಫ್ ಆಗಿದೆ ಕಣೋ" ಎಂದು ಬಿದ್ದು ಬಿದ್ದು ನಕ್ಕಳು. "ಅದಕ್ಕೇ ಇಷ್ಟು ಸಹಜವಾಗಿದೆ" ಎಂದ, ಮೀಸೆಗೆ ಮಣ್ಣು ತಾಗದ ಜಟ್ಟಿಯ ಹಾಗೆ. ಆದರೆ ಅಕ್ಕ ನಗದ ಹೊತ್ತೂ ಒಂದಿದೆ. ಟೇಪಣ್ಣ ಕೆಲಸ ಕಲಿತ ಹೊಸತರಲ್ಲಿ, ತೀರಿಕೊಂಡ ಅಮ್ಮನ ದನಿಯಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗಿಳಿಸಿ, ಸುಂಯ್ ಸದ್ದನ್ನೆಲ್ಲ ತೊಳೆದು, ಕ್ಯಾಸೆಟ್ಟನ್ನು ಅವನೇ ಎಸೆದಿದ್ದ. ಸುಂಯ್ ಜೊತೆ ಅಮ್ಮನ ಉಸಿರೂ ಕೊಚ್ಚಿಹೋಗಿತ್ತು. ಹೊಸ ಪ್ಲಗಿನ್ ಬಂದಾಗಲೆಲ್ಲ ಮೊದಲು ಆ ಫೈಲಿಗೇ ಹಾಕಿ ಕೇಳುತ್ತಾನೆ. "ಅಮ್ಮ ಬಂದ್ಲಾ?" ಎಂದು ಅಕ್ಕ ಬಾಗಿಲಲ್ಲೇ ನಿಂತು ಕೇಳುತ್ತಾಳೆ. "ಇಲ್ಲಕ್ಕ, ಇನ್ನೂ ಸ್ವಲ್ಪ ಬೆಚ್ಚಗಾಗ್ಬೇಕು."