ಹಸುವಿನ ಬಾಯಿಗೆ ಕೈ ಹಾಕಿದವರು

ಮದರಾಸಿನಲ್ಲಿ ಓದು ಮುಗಿಸಿ ಬೈಂದೂರಿನ ಕಡೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಸಿಕ್ಕ ಬಿರುದು ‘ಗಂಟಿ ಡಾಕ್ಟ್ರು’. ನಮ್ಮಲ್ಲಿ ಗಂಟಿ ಎಂದರೆ ದನಕರು. ಮನುಷ್ಯರ ಡಾಕ್ಟರಾಗಲು ಮಾರ್ಕು ಸಾಲಲಿಲ್ಲವೇ ಎಂದು ಸ್ವಂತ ಸೋದರಮಾವನೇ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಪಾಯಸ ಬರುವ ಮೊದಲೇ ಎದ್ದು ಬಂದಿದ್ದೆ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಬಿಜೂರಿನ ಒಬ್ಬ ಗದ್ದೆ ಬೇಸಾಯಗಾರರು ಕರೆಯಲು ಬಂದರು. ಹಸುವಿನ ಗಂಟಲಲ್ಲಿ ಮಾವಿನ ಗೊರಟು ಸಿಕ್ಕಿದೆಯಂತೆ, ಮೇವು ನೀರು ಇಳಿಯುತ್ತಿಲ್ಲವಂತೆ. ಸೈಕಲ್ ತುಳಿದು ಹೋದೆ. ಹಟ್ಟಿಯಲ್ಲಿ ಹಸು ಜೊಲ್ಲು ಸುರಿಸುತ್ತ, ಒಡೆದ ಗಂಟಲಲ್ಲಿ ಕೂಗುತ್ತಿತ್ತು. ಹಿಂಗಾಲು ತಡವರಿಸುತ್ತಿತ್ತು. ಗೊರಟೂ ಇಲ್ಲ, ಮಣ್ಣೂ ಇಲ್ಲ, ಇದು ಹುಚ್ಚುನಾಯಿಯ ರೋಗ ಎಂದು ನೋಡಿದೊಡನೆ ತಿಳಿಯಿತು. ಕೇಳಿದರೆ, ಹೌದು, ಹಿಂದೊಮ್ಮೆ ಎಲ್ಲಿಯದೋ ನಾಯಿ ಹಟ್ಟಿಗೆ ನುಗ್ಗಿತ್ತಂತೆ.

ಆದರೆ ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಹಸುವಿನ ಬಾಯಿಗೆ ಕೈ ಹಾಕಿ ಆಗಿತ್ತು. ಯಜಮಾನರು ಮೊಣಕೈವರೆಗೆ ಹಾಕಿ ಗೊರಟು ಹುಡುಕಿದ್ದರು. ಆಕೆ ಬೆಲ್ಲ ತಿನ್ನಿಸಲು ಹೋಗಿ, ಹಲ್ಲು ತಾಗಿ ಬೆರಳು ತರಚಿಕೊಂಡಿದ್ದಳು. ಮುಂದೆ ಕೋಟೇಶ್ವರ, ಬ್ರಹ್ಮಾವರ ಎಂದು ಎಲ್ಲಿಗೆ ವರ್ಗವಾದರೂ ಈ ತಪ್ಪನ್ನು ಮತ್ತೆ ಮತ್ತೆ ಕಂಡೆ. ಸಾಕಿದ ದನ ಒದ್ದಾಡುವಾಗ ಸುಮ್ಮನೆ ನಿಲ್ಲುವುದು ನಮ್ಮವರಿಂದ ಆಗದು.

ಇಬ್ಬರೂ ನಾಳೆಯಿಂದಲೇ ಕುಂದಾಪುರದ ಆಸ್ಪತ್ರೆಗೆ ಹೋಗಿ ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳಬೇಕು ಎಂದೆ. ಶುರುವಾಯಿತು ನೋಡಿ, ಎತ್ತು ಏರಿಗೆ, ಕೋಣ ನೀರಿಗೆ. ಸೂಜಿ ಎಂದರೆ ಜೀವ ಹೋಗುತ್ತದೆ, ಗಂಡ ಹಾಕಿಸಿಕೊಂಡರೆ ಮಾತ್ರ ತಾನೂ ಹಾಕಿಸಿಕೊಳ್ಳುವುದು ಎಂದು ಆಕೆ ಹಟ ಹಿಡಿದಳು. ಯಜಮಾನರ ವಾದವೇ ಬೇರೆ.

“ನಾಯಿ ನಂಗೆ ಕಚ್ಚಲ್ಲೆ, ದನುವೂ ಕಚ್ಚಲ್ಲೆ. ಗಾಯ ಆದ್ದ್ ಇವ್ಳಿಗೆ. ಸೂಜಿ ಹಾಕಿ ಹೊಟ್ಟಿ ಊದ್ರೆ ಗದ್ದಿ ಹೂಡುದ್ ಯಾರ್ ಡಾಕ್ಟ್ರೇ?”

ಜೊಲ್ಲು ತಾಗಿದರೂ ಸಾಕು, ಕೈಯ ಗೀರು ಕಣ್ಣಿಗೆ ಕಾಣಬೇಕೆಂದಿಲ್ಲ ಎಂದು ನಾನು ಗದರಿದೆ. ಅವರು ಹೆಂಡತಿಯ ಮುಖ ನೋಡಿ, ಆಯ್ತು, ಇಬ್ಬರೂ ಹೋಗುತ್ತೇವೆ ಎಂದರು. ಹಸು ಮರುದಿನ ಸತ್ತಿತು. ಆಳದ ಗುಂಡಿ ತೋಡಿಸಿ, ಸುಣ್ಣ ಹಾಕಿಸಿ ಹೂಳಿಸಿದೆ. ಗಂಡ ಹೆಂಡತಿ ದಿನಾ ಬೆಳಿಗ್ಗೆ ಬಸ್ಸು ಹತ್ತಿ, ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರಕ್ಕೆ ಹೋಗಿ ಬರುತ್ತಿದ್ದರು. ದಾರಿಯಲ್ಲಿ ಸಿಕ್ಕಿದಾಗ ಯಜಮಾನರು ಹೊಟ್ಟೆ ಮುಟ್ಟಿ ತೋರಿಸಿ ನಗುತ್ತಿದ್ದರು. ಮಧ್ಯಾಹ್ನದ ಮೇಲೆ ಗದ್ದೆಗೂ ಇಳಿಯುತ್ತಿದ್ದರು. ಗಟ್ಟಿ ಆಸಾಮಿ ಎಂದುಕೊಂಡೆ. ಹಸು ಹೋದರೂ ಎರಡು ಜೀವ ಉಳಿಸಿದೆ ಎಂಬ ಹೆಮ್ಮೆ ಬೇರೆ.

ಕೊಯ್ಲಿನ ಹೊತ್ತಿಗೆ ಯಜಮಾನರು ತೀರಿಕೊಂಡ ಸುದ್ದಿ ಬಂತು. ಕೊನೆಗೆ ನೀರಿನ ಚೊಂಬು ಕಂಡರೂ ಬೆಚ್ಚುತ್ತಿದ್ದರಂತೆ. ನನಗೆ ನಂಬಲಾಗಲಿಲ್ಲ. ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಕಳೆದ ಮೇಲೆ ಅವರ ಮನೆಗೆ ಹೋದೆ.

ಜಗಲಿಯಲ್ಲಿ ಕುಳಿತಿದ್ದ ಆಕೆ ತಾನಾಗಿಯೇ ಹೇಳಿದಳು. ಆಸ್ಪತ್ರೆಯಲ್ಲಿ ಹೆಂಗಸರಿಗೆ ಒಂದು ಕೋಣೆ, ಗಂಡಸರಿಗೆ ಇನ್ನೊಂದು. ಆಕೆ ಒಳಗೆ ಹೋದೊಡನೆ ಅವರು ಹಿಂದಿನ ಬಾಗಿಲಿನಿಂದ ಹೊರಗೆ ಬಂದು ಮರದ ಕೆಳಗೆ ಕೂತು, ಆಕೆ ಹೊರಡುವ ಹೊತ್ತಿಗೆ ಮತ್ತೆ ಒಳಗೆ ಸೇರುತ್ತಿದ್ದರಂತೆ. ಮಾತು ನಿಲ್ಲುವ ಮೊದಲು ಅವರೇ ಒಪ್ಪಿಕೊಂಡಿದ್ದರು.

ಆಕೆ ಅಳುತ್ತಿರಲಿಲ್ಲ. ತನ್ನ ಅಂಗೈಯನ್ನೇ ನೋಡುತ್ತಿದ್ದಳು.

“ದಿನಾ ಹೊಟ್ಟಿ ಹಿಡ್ಕಂಡೇ ಹೊರ್ಗೆ ಬಪ್ಪುದ್ ಅವ್ರ್. ನಂಗಿಂತ ಅವ್ರಿಗೇ ನೋವ್ ಜಾಸ್ತಿ ಅಂದೇಳಿ, ಸಂಜಿಗೆ ಉಪ್ಪ್ ಬಿಸಿ ಮಾಡಿ ಅವ್ರ್ ಹೊಟ್ಟಿಗೆ ಶಾಖ ಕೊಡ್ತಿದ್ದೆ ಡಾಕ್ಟ್ರೇ.”