ಹೊಟ್ಟೆನೋವು ಓಡಿಹೋದ ಮೂರನೆಯ ದಿನ

ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬದಿರುವುದೇ ಕ್ಷೇಮ. ಹೊಳೆನರಸೀಪುರದಲ್ಲಿ ನನ್ನ ಮಾತನ್ನು ಪೂರ್ತಿ ನಂಬಿದವರು ಇಬ್ಬರೇ, ಅವರ ಪಾಡು ಏನಾಯಿತೆಂಬುದೇ ಈ ಕಥೆ. ಇಸವಿ 1958, ಬೇಸಿಗೆ. ನನ್ನ ಹುದ್ದೆ ಪ್ರಕೃತಿ ಚಿಕಿತ್ಸಕ. ವಯಸ್ಸು ಹದಿನೇಳು. ನೇಮಕ ಮಾಡಿದವನು ನಾನೇ.

ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಕೈಕೊಟ್ಟಿತ್ತು. ಅಂಚೆಯಲ್ಲೇ ಪಾಠ ಕಳಿಸಿ ಪ್ರಕೃತಿ ಚಿಕಿತ್ಸೆಯ ಡಿಪ್ಲೊಮಾ ಕೊಡುತ್ತಾರೆಂದು ಪತ್ರಿಕೆಯಲ್ಲಿ ಓದಿ ಸೇರಿಕೊಂಡೆ. ಒಟ್ಟು ಹನ್ನೆರಡು ಪಾಠ, ಒಂದೊಂದಕ್ಕೂ ಒಂದೊಂದು ಲಕೋಟೆ. ಔಷಧಿಯಿಲ್ಲ, ಸೂಜಿಯಿಲ್ಲ. ಉಪವಾಸ, ನೀರು, ಮಣ್ಣು, ಬಿಸಿಲು, ಇಷ್ಟೇ. ನಮ್ಮಪ್ಪ ನಂಜಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್, ಅಂದರೆ ಡಾಕ್ಟರು ಬರೆದ ಔಷಧಿಯನ್ನು ಬೆರೆಸಿ ಸೀಸೆಗೆ ತುಂಬುವವರು. ‘ನೀವು ಕೆಂಪು ನೀರಲ್ಲಿ ವಾಸಿ ಮಾಡ್ತೀರಿ, ನಾನು ಬರೀ ನೀರಲ್ಲೇ ಮಾಡ್ತೀನಿ’ ಎಂದೆ.

‘ಮೊದ್ಲು ಲೆಕ್ಕದಲ್ಲಿ ಪಾಸ್ ಮಾಡ್ಲಾ. ಆಮ್ಯಾಕೆ ಊರ್ನ ವಾಸಿ ಮಾಡೀವಂತೆ’ ಎಂದರು ಅಪ್ಪ.

ಏಳು ಪಾಠ ಮುಗಿಸಿದೆ. ಎಂಟನೆಯ ಲಕೋಟೆ ದಪ್ಪಗಿತ್ತು, ಸೆಕೆಯೂ ವಿಪರೀತ. ಅದನ್ನು ಒಡೆಯದೆ ಬೀಸಣಿಗೆ ಮಾಡಿಕೊಂಡೆ. ಅಷ್ಟು ಹೊತ್ತಿಗೆ ನನಗೆ ಗೊತ್ತಿಲ್ಲದ್ದು ಪ್ರಪಂಚದಲ್ಲಿ ಏನೂ ಉಳಿದಿರಲಿಲ್ಲ. ಆರನೆಯ ಪಾಠದಲ್ಲೇ ನನ್ನ ಬ್ರಹ್ಮಾಸ್ತ್ರ ಸಿಕ್ಕಿತ್ತು: ‘ಹೀಲಿಂಗ್ ಕ್ರೈಸಿಸ್.’ ವಾಸಿಯಾಗುವ ಮುನ್ನ ಕೆಲವೊಮ್ಮೆ ಕಾಯಿಲೆ ಒಂದು ಸಲ ಹೆಚ್ಚಾಗುವುದುಂಟಂತೆ. ‘ಕೆಲವೊಮ್ಮೆ’ ಎಂಬುದರ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ. ಜ್ವರ ಇಳಿದರೆ ನಾನು ಗೆದ್ದೆ, ಏರಿದರೂ ನಾನೇ ಗೆದ್ದೆ. ಸೋಲೇ ಇಲ್ಲದ ಇಂಥ ವಿದ್ಯೆ ಬಿಟ್ಟು ಲೆಕ್ಕ ಯಾರು ಮಾಡುತ್ತಾರೆ?

ಅಪ್ಪನಿಗೆ ಅರಕಲಗೂಡಿನ ಕಡೆ ಕಾಲರಾ ಚುಚ್ಚುಮದ್ದಿನ ಡ್ಯೂಟಿ ಬಿತ್ತು. ಅವರ ಬಸ್ಸು ಹೊರಟ ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿನ ಇಡ್ಲಿ ಹೋಟೆಲಿನ ಪುಟ್ಟಸ್ವಾಮಣ್ಣ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಹೊಕ್ಕಳ ಸುತ್ತ ನೋವು.

‘ಏನ್ಲಾ ಮರಿ ಡಾಕ್ಟ್ರೇ, ನಿನ್ ತಾವ ಇದುಕ್ಕೇನಾರ ಐತಾ? ಆಸ್ಪತ್ರೆಗೋದ್ರೆ ಅಂಗಡಿ ಮುಚ್ಬೇಕು ಕಣ.’

‘ಮೂರು ದಿನ ನನ್ನ ಕೈಗೆ ಕೊಡಣ್ಣ’ ಎಂದೆ. ಹಿಂಬದಿಯ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ, ನನ್ನ ಆಸ್ಪತ್ರೆ ಶುರುವಾಯಿತು. ನೋಡಲು ಐವತ್ತು ಜನ ನುಗ್ಗಿದರು. ಸರಿ, ಒಂಬತ್ತು ಜನ. ಸರಿ, ಐದು ಜನ ಮತ್ತು ಒಂದು ಮೇಕೆ. ಹೇಮಾವತಿ ದಂಡೆಯಿಂದ ತಂದ ಜೇಡಿಮಣ್ಣನ್ನು ಅವನ ಹೊಟ್ಟೆಗೆ ಮೆತ್ತಿದೆ. ಕರುಳು ತೊಳೆಯುವ ಎನಿಮಾ ಡಬ್ಬಿಯನ್ನು ಅದರ ರಬ್ಬರ್ ಕೊಳವೆಯ ಸಮೇತ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದೆ. ಅದನ್ನು ಕಂಡದ್ದೇ ಮೇಕೆ ಓಡಿಹೋಯಿತು. ಇದು ಮಾತ್ರ ನಿಜ.

ಅವನಿಗೆ ಬರೀ ನಿಂಬೆಹಣ್ಣಿನ ನೀರು. ಗೋಡೆಯಾಚೆ ಅವನದೇ ಇಡ್ಲಿ ಪಾತ್ರೆಯ ಹಬೆ. ಅವನ ಹೆಂಡತಿ ಗೌರಕ್ಕ ಒಬ್ಬಳೇ ರುಬ್ಬಿ, ಬೇಯಿಸಿ, ಬಡಿಸುತ್ತಿದ್ದಳು.

‘ಲೇ ಡಾಕ್ಟ್ರೇ, ಹಬೆ ಕುಡುದ್ರೆ ಉಪಾಸ ಕೆಡ್ತದಾ?’ ಎಂದು ಪುಟ್ಟಸ್ವಾಮಣ್ಣ ಕೇಳಿದ. ಆ ಮೂರು ದಿನದಲ್ಲಿ ಅದೇ ಅವನು ಮಾಡಿದ ಕೊನೆಯ ತಮಾಷೆ.

ಎರಡನೆಯ ದಿನ ನೋವು ಹೊಕ್ಕಳು ಬಿಟ್ಟು ಬಲಗಡೆ ಕೆಳಕ್ಕೆ ಇಳಿಯಿತು. ಮೈ ಸುಡುತ್ತಿತ್ತು. ‘ನೋಡಿದ್ರಾ, ಕಾಯಿಲೆ ಜಾಗ ಬಿಟ್ಟು ಓಡ್ತಾ ಐತೆ!’ ಎಂದು ಸಾರಿದೆ. ಸುದ್ದಿ ಚನ್ನರಾಯಪಟ್ಟಣದ ತನಕ ಹೋಯಿತು, ಏಕೆಂದರೆ ಆ ಕಡೆಗೆ ಹೊರಟ ಪ್ರತಿ ಬಸ್ಸಿನ ಕಂಡಕ್ಟರಿಗೂ ನಾನೇ ಹೇಳಿ ಕಳಿಸಿದೆ.

ಸಂಜೆ ಗೌರಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಳು. ‘ಅಲ್ಲ ಕಣಪ್ಪ, ಮಕ ಬಾಡೋಗೈತೆ. ಆಸ್ಪತ್ರೆಗೆ ಕರ್ಕೊಂಡೋಗಾನ?’

‘ಈಗ ಹೋದ್ರೆ ಮಾಡಿದ್ದೆಲ್ಲ ಹಾಳು ಅಕ್ಕ. ಇದು ಕ್ರೈಸಿಸ್ಸು.’

‘ನಂಗೆ ಅದೆಲ್ಲ ತಿಳೀದು. ನಂಜಪ್ಪಣ್ಣನ ಮಗ ಅಂತ ನಂಬಿವ್ನಿ.’

ಈ ಮಾತು ಬರೆಯುವಾಗ ನನಗೆ ಯಾವ ನಗೆಚಾಟಿಕೆಯೂ ಹೊಳೆಯುತ್ತಿಲ್ಲ. ಅವಳು ನಂಬಿದ್ದು ನನ್ನನ್ನಲ್ಲ, ಊರಿಗೆಲ್ಲ ಇಪ್ಪತ್ತು ವರ್ಷ ಸರಿಯಾಗಿ ಔಷಧಿ ಅಳೆದುಕೊಟ್ಟ ನಮ್ಮಪ್ಪನನ್ನು. ಅದು ಆಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಮುಂಜಾನೆ ಅವಳು ಇನ್ನೊಂದು ಸಲ ಕೇಳಿದಳು. ಆಗಲೂ ಬೇಡವೆಂದೆ. ಪುಟ್ಟಸ್ವಾಮಣ್ಣ ಈಗಲೂ ಬದುಕಿದ್ದಾನೆ, ಹಾಸನದಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ತಿಂಗಳ ಮೇಲೆ ಮಲಗಿ ಎದ್ದ. ಇಲ್ಲದಿದ್ದರೆ ಇದನ್ನು ಬರೆಯುವ ಮುಖ ನನಗೆ ಇರುತ್ತಿರಲಿಲ್ಲ. ಇವತ್ತಿಗೂ ನಾನು ಹೋದರೆ ಅವನೇ ಕಾಫಿ ಕೊಡುತ್ತಾನೆ. ಗೌರಕ್ಕ ಒಲೆಯ ಕಡೆಗೆ ತಿರುಗಿಕೊಳ್ಳುತ್ತಾಳೆ.

ಮೂರನೆಯ ದಿನ ಬೆಳಿಗ್ಗೆ ನೋವು ತಟ್ಟನೆ ನಿಂತಿತು. ನಾನು ಹೋಟೆಲಿನ ಬೆಂಚು ಹತ್ತಿ ಭಾಷಣ ಮಾಡಿದೆ. ಮೈಸೂರಿನಿಂದ ದೊಡ್ಡ ಡಾಕ್ಟರುಗಳು ನನ್ನ ಹತ್ತಿರ ಕಲಿಯಲು ಬರುತ್ತಾರೆಂದೆ. ಇಡ್ಲಿ ತಿನ್ನುತ್ತಿದ್ದವರು ಚಪ್ಪಾಳೆ ಹೊಡೆದರು. ಒಳಗೆ ಪುಟ್ಟಸ್ವಾಮಣ್ಣ ಅಲುಗಾಡದೆ, ಮೊಣಕಾಲು ಮಡಚಿಕೊಂಡು ಮಲಗಿದ್ದ. ಹಾಯಾಗಿ ನಿದ್ದೆ ಹೋಗುತ್ತಿದ್ದಾನೆಂದು ನಾನು ಲಕೋಟೆಯಿಂದ ಗಾಳಿ ಬೀಸುತ್ತ ಕೂತೆ.

ಹತ್ತು ಗಂಟೆಗೆ ಅಪ್ಪ ಒಳಗೆ ಬಂದರು. ಬಸ್ಸಿನಿಂದ ಇಳಿದದ್ದೇ ಅವರಿಗೆ ನನ್ನ ಭಾಷಣದ ಸುದ್ದಿಯೇ ಮೊದಲು ಸಿಕ್ಕಿತ್ತು. ಬೈಯಲಿಲ್ಲ. ಹೆಗಲ ಟವೆಲಿನಿಂದ ಮಣ್ಣು ಒರೆಸಿದರು, ನಾಲ್ಕು ಬೆರಳಿಟ್ಟು ಮೆಲ್ಲಗೆ ಒತ್ತಿದರು. ಹೊಟ್ಟೆ ಹಲಗೆಯ ಹಾಗಿತ್ತು. ಬೆರಳು ತೆಗೆದದ್ದೇ ಪುಟ್ಟಸ್ವಾಮಣ್ಣ ಚೀರಿದ.

‘ನೋವು ಯಾವಾಗ ನಿಂತಿದ್ದು?’

‘ಬೆಳಿಗ್ಗೆ ಅಪ್ಪ. ಒಂದೇ ಏಟಿಗೆ!’ ನನ್ನ ದನಿಯಲ್ಲಿ ಇನ್ನೂ ಬೆಂಚಿನ ಭಾಷಣವಿತ್ತು.

‘ನಿಂತಿಲ್ಲ ಕಣ್ಲಾ. ಅಪೆಂಡಿಕ್ಸು. ಒಳಗೇ ಒಡ್ದೋಗೈತೆ.’

ಹಾಸನಕ್ಕೆ ಹೊರಟಿದ್ದ ತೆಂಗಿನಕಾಯಿ ಲಾರಿಯನ್ನು ಕರೆತರಲು ಇಡ್ಲಿ ತಿನ್ನುತ್ತಿದ್ದ ಒಬ್ಬನನ್ನು ಓಡಿಸಿದರು. ಗೌರಕ್ಕನ ಕಡೆ ತಿರುಗಿ, ‘ತಪ್ಪು ನಂದು ತಾಯಿ’ ಎಂದು ಕೈ ಮುಗಿದರು. ಅಪ್ಪ ದೇವರನ್ನು ಬಿಟ್ಟು ಬೇರೆಯವರಿಗೆ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಲಕೋಟೆಯನ್ನು ನೋಡಿದರು.

‘ಇದ್ಯಾಕ್ಲಾ ಒಡ್ದಿಲ್ಲ?’

ಉತ್ತರಕ್ಕೆ ಕಾಯದೆ ಹೆಬ್ಬೆರಳಿನಿಂದ ಹರಿದರು, ಮೊದಲ ಹಾಳೆ ಓದಿದರು, ನನಗೆ ಕೊಟ್ಟರು. ‘ಲಾರಿ ಬರೋಗಂಟ ಓದು. ಜೋರಾಗಿ ಓದು. ಗೌರಮ್ಮನೂ ಕೇಳ್ಲಿ.’

ಎಂಟನೆಯ ಪಾಠದ ಹೆಸರು ‘ನಾವು ಮುಟ್ಟಬಾರದ ರೋಗಗಳು’. ನಾನು ಓದಿದೆ: ‘ಹೊಕ್ಕಳ ಬಳಿ ಹುಟ್ಟಿದ ನೋವು ಬಲಕ್ಕೆ ಸರಿದು ಜ್ವರ ಬಂದರೆ ಎನಿಮಾ ಕೊಡಬಾರದು, ಮಣ್ಣು ಹಾಕಬಾರದು. ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಕಳಿಸಬೇಕು.’

ನನ್ನ ಜನ್ಮದಲ್ಲಿ ಮೊದಲ ಸಲ, ಇದ್ದುದಕ್ಕಿಂತ ಒಂದಕ್ಷರವನ್ನೂ ಹೆಚ್ಚು ಸೇರಿಸದೆ ಓದಿದೆ.